ಕಡೆಯ ಪುಟ ಮೊದಲು

18-02-2024, ಭಾನುವಾರ, ಮಕ್ತಲ್

ಇವತ್ತೂ ಚರ್ಚಿಗೆ ಹೋಗಲಿಲ್ಲ. ಅತ್ತೆಯನ್ನು ಒಬ್ಬರನ್ನೇ ಬಿಟ್ಟು ಹೋಗುವುದು ಹೇಗೆ ಎಂಬ ನೆಪ ಈಗ ಗಟ್ಟಿಯಾಗಿ ಸಿಕ್ಕಿದೆ. ಅವರು ಬಚ್ಚಲಲ್ಲಿ ಜಾರಿ ಬಿದ್ದು ಹನ್ನೆರಡು ದಿನವಾಯಿತು. ರಾಯಚೂರಿನಲ್ಲಿ ಆಪರೇಷನ್ ಮಾಡಿ ತೊಡೆಗೆ ರಾಡು ಹಾಕಿದರು. ಗುರುವಾರ ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಹೊಳೆ ದಾಟಿ ಮನೆಗೆ ತಂದೆವು. ದಾರಿಯ ಒಂದೊಂದು ತಗ್ಗಿಗೂ ಅತ್ತೆ "ಯೇಸಪ್ಪಾ" ಅಂದರು.

ನೆಪ ಎಂದು ಬರೆದೆನಲ್ಲ, ಅದು ನಿಜ. ಜುಲೈಯಲ್ಲಿ ಇವರು ತೀರಿಹೋದಾಗಿನಿಂದ ನನಗೆ ಪ್ರಾರ್ಥನೆ ಬರುತ್ತಿಲ್ಲ. ಬಾಯಿ ಆಡುತ್ತದೆ, ಒಳಗೆ ಏನೂ ಅಲ್ಲಾಡುವುದಿಲ್ಲ. ಸಂಜೆ ಚರ್ಚಿನ ಅಯ್ಯಗಾರು, ಅಮ್ಮಗಾರು ಬಂದು ತೆಲುಗಿನಲ್ಲಿ ಉದ್ದ ಪ್ರಾರ್ಥನೆ ಮಾಡಿ ಹೋದರು. ಆಮೆನ್ ಅಂದೆ. ಅವರಿಗೆ ಈ ಸಂಗತಿ ಹೇಳಲಿಲ್ಲ.

ಅತ್ತೆಗೆ ಆಸ್ಪತ್ರೆಯಿಂದ ಹೊಸದೊಂದು ಹಟ ಅಂಟಿಕೊಂಡಿದೆ. ಪಕ್ಕದ ಹಾಸಿಗೆಯ ಹೆಣ್ಣುಮಗಳನ್ನು ನೋಡಲು ಬಂದಿದ್ದ ಕ್ಯಾಥೊಲಿಕ್ ಸಿಸ್ಟರ್ ಒಬ್ಬರು ಸ್ಪೇನಿನ ಇಗ್ನೇಷಿಯಸನ ಕಥೆ ಹೇಳಿದ್ದರು. 1521ರಲ್ಲಿ ತೋಪಿನ ಗುಂಡು ತಾಗಿ ಕಾಲು ಮುರಿದುಕೊಂಡ ಸಿಪಾಯಿ. ಹೊತ್ತು ಹೋಗಲು ಶೂರರ ಕಥೆ ಕೇಳಿದನಂತೆ. ಆ ಮನೆಯಲ್ಲಿ ಕ್ರಿಸ್ತನ ಚರಿತ್ರೆ, ಸಂತರ ಚರಿತ್ರೆ ಬಿಟ್ಟು ಬೇರೆ ಪುಸ್ತಕವೇ ಇರಲಿಲ್ಲವಂತೆ. ಅದನ್ನೇ ಓದುತ್ತ ಓದುತ್ತ ಅವನೂ ಸಂತನಾದ. ಅತ್ತೆ ಇವತ್ತು ಮೂರನೇ ಸಲ ಅಂದರು: "ಕಾಲು ಮುರದವರು ಪುಸ್ತಕ ಕೇಳಿದ್ರ ಸಂತರಾಗ್ತಾರಂತ. ನನಗೂ ಒಂದು ಓದು."

ಅತ್ತೆಗೆ ಅಕ್ಷರ ಬರುವುದಿಲ್ಲ. ಹಾಡು ಮಾತ್ರ ನೂರಾರು ಬಾಯಿಪಾಠ.

22-02-2024, ಗುರುವಾರ

ಇವರ ಟ್ರಂಕು ತೆಗೆದೆ. ಡಾಂಬರು ಗುಳಿಗೆಯ ವಾಸನೆ. ಚರಿತ್ರೆಯ ಪುಸ್ತಕಗಳೇ ಇಪ್ಪತ್ತರ ಮೇಲಿವೆ. ತೆಲುಗಿನವು ಜಾಸ್ತಿ, ಕನ್ನಡದವು ಏಳೆಂಟು. ಚರ್ಚಿನ ಸಭೆಗಳಿಗೆ ಹೋದಲ್ಲೆಲ್ಲ ಬಾಗಿಲ ಹೊರಗೆ ಚಾಪೆ ಹಾಸಿ ಮಾರುವವರ ಹತ್ತಿರ ಕೊಂಡವು. ಆಗೆಲ್ಲ ನಾನು ಬೈಯುತ್ತಿದ್ದೆ.

ಮೊದಲು ಕೈಗೆ ಬಂದದ್ದು ಪಂಡಿತಾ ರಮಾಬಾಯಿ, ತೆಲುಗಿನದು. ಓದುವುದು ತೆಲುಗು, ಹೇಳುವುದು ಕನ್ನಡ. ಈ ಗಡಿಯಲ್ಲಿ ಹುಟ್ಟಿದವರಿಗೆ ಅದೇನು ದೊಡ್ಡ ವಿದ್ಯೆಯಲ್ಲ. ಕಣ್ಣು ಒಂದು ಸಾಲು ಮುಂದಿರಬೇಕು, ಅಷ್ಟೇ.

ರಮಾಬಾಯಿ ಹುಟ್ಟಿದ್ದು 1858ರಲ್ಲಿ, ಕಾರ್ಕಳದ ಮೇಲಿನ ಗಂಗಾಮೂಲದ ಕಾಡಿನಲ್ಲಿ. ಹೆಂಡತಿಗೆ ಸಂಸ್ಕೃತ ಕಲಿಸಿದ್ದಕ್ಕೆ ಜಾತಿಯವರ ಸಿಟ್ಟು ಕಟ್ಟಿಕೊಂಡ ಅನಂತ ಶಾಸ್ತ್ರಿ ಡೋಂಗ್ರೆಯವರ ಮಗಳು. ಮನೆಮಂದಿಯೆಲ್ಲ ಪುರಾಣ ಓದುತ್ತ ಕ್ಷೇತ್ರದಿಂದ ಕ್ಷೇತ್ರಕ್ಕೆ ನಡೆದವರು. ಬರ ಬಿತ್ತು. ಕೂಲಿ ಮಾಡಿ ಗೊತ್ತಿಲ್ಲ, ಬೇಡಲು ನಾಚಿಕೆ. ಮೊದಲು ಅಪ್ಪ, ಆಮೇಲೆ ಅವ್ವ, ಆಮೇಲೆ ಅಕ್ಕ.

ಅವ್ವ ಜ್ವರದಲ್ಲಿ ಬಿದ್ದು ಊಟ ಊಟ ಎಂದು ಕನವರಿಸುತ್ತಾಳೆ. ಹುಡುಗಿ ನೆರೆಮನೆಗೆ ಒಂದು ತುಂಡು ಸಜ್ಜೆ ರೊಟ್ಟಿ ಕೇಳಲು ಹೋಗುತ್ತಾಳೆ. ಹೋಗಿ ನಿಂತರೆ ಬಾಯಿ ಏಳುವುದಿಲ್ಲ, ಕೈ ಚಾಚುವುದಕ್ಕೂ ಆಗುವುದಿಲ್ಲ. ಕಣ್ಣೀರು ಕಾಣಬಾರದೆಂದು ಮುಖ ತಿರುಗಿಸುತ್ತಾಳೆ. ಆ ಮನೆಯಾಕೆಗೇ ಅರ್ಥವಾಗಿ ರೊಟ್ಟಿ ಕೊಡುತ್ತಾಳೆ. ತಂದು ಬಾಯಿಗಿಟ್ಟರೆ ಅವ್ವನಿಗೆ ನುಂಗುವ ಶಕ್ತಿಯೂ ಉಳಿದಿಲ್ಲ.

ಅತ್ತೆ ಕೈ ಎತ್ತಿ ನಿಲ್ಲಿಸಿದರು. "ಸಜ್ಜಿ ರೊಟ್ಟಿ ಅಂತ ಬರದಾರೇನು ಅದರಾಗ?"

"ಹೌದತ್ತಿ."

"ಹಂಗಾದ್ರ ಖರೇ ಇದು. ಸುಳ್ಳು ಬರಿಯೋರಾಗಿದ್ರ ಅನ್ನ ಅಂತಿದ್ರು."

27-02-2024, ಮಂಗಳವಾರ

ಶಾಲೆಯಿಂದ ಬರುವುದು ತಡವಾಯಿತು. ಕೃಷ್ಣಾ ಸ್ಟೇಷನ್ನಿನ ಗೇಟು ಹಾಕಿತ್ತು, ಎರಡು ಗೂಡ್ಸು ಹೋಗುವವರೆಗೂ ಆಟೋದಲ್ಲೇ ಕೂತೆ. ನಮ್ಮ ಕನ್ನಡ ಮಾಧ್ಯಮದ ಮಕ್ಕಳು ಕಡಿಮೆಯಾಗುತ್ತ ಬಂದಿದ್ದಾರೆ. ಅದನ್ನು ಬರೆಯಲು ಕೂತರೆ ಈ ಪುಟ ಸಾಲದು.

ಅತ್ತೆ ಬಾಗಿಲಲ್ಲೇ ಕೇಳಿದರು: "ಅಕಿ ಲಗ್ನಾತಾ?"

ಆಯಿತು. ಕಲ್ಕತ್ತೆಯಲ್ಲಿ ಪಂಡಿತರು ಕೊಟ್ಟ ಬಿರುದು, ಬಂಗಾಳಿ ವಕೀಲನೊಂದಿಗೆ ಜಾತಿ ಮೀರಿದ ಮದುವೆ, ಹೆಣ್ಣುಮಗು, ಎರಡು ವರ್ಷ ತುಂಬುವ ಮೊದಲೇ ಗಂಡನ ಸಾವು, 1882ರಲ್ಲಿ. ಇಷ್ಟನ್ನೂ ಪುಸ್ತಕ ಒಂದೂವರೆ ಪುಟದಲ್ಲಿ ಮುಗಿಸಿದೆ. ಮರುವರ್ಷ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ. ಅದಕ್ಕೆ ಹನ್ನೊಂದು ಪುಟ! ಬರೆದವರಿಗೆ ಯಾವುದು ಮುಖ್ಯ ಎಂದು ಅಲ್ಲೇ ಗೊತ್ತಾಗುತ್ತದೆ. ನನಗೆ ಬೇಕಾದದ್ದು ಆ ಒಂದೂವರೆ ಪುಟ.

ಆದರೂ ಒಂದು ಮಾತು ಹಿಡಿಸಿತು. ದೀಕ್ಷೆ ತಗೊಂಡ ಮೇಲೂ ರಮಾಬಾಯಿ ಅಲ್ಲಿನ ಸಿಸ್ಟರುಗಳೊಂದಿಗೆ ಪತ್ರದ ಮೇಲೆ ಪತ್ರ ಬರೆದು ವಾದ ಮಾಡಿದರು. ತ್ರಯೈಕ್ಯದ ಬಗ್ಗೆ, ಬಿಷಪ್ಪರ ಅಧಿಕಾರದ ಬಗ್ಗೆ. ಹೇಳಿದ್ದಕ್ಕೆಲ್ಲ ತಲೆ ಆಡಿಸಲಿಲ್ಲ. ಕಿವಿ ಮಂದವಿತ್ತು, ಅದಕ್ಕೇ ಡಾಕ್ಟರಿಕೆ ಓದಲಾಗಲಿಲ್ಲ. ಇದನ್ನು ಕೂಗಿ ಹೇಳಬೇಕಾಯಿತು, ಅತ್ತೆಗೂ ಬಲಗಿವಿ ಮಂದ. "ನನ್ನಂಗ" ಎಂದು ಖುಷಿಪಟ್ಟರು.

02-03-2024, ಶನಿವಾರ

ಪುಸ್ತಕ ಗುಲ್ಬರ್ಗಕ್ಕೆ ಬಂತು! ನಾನು ಓದುವುದನ್ನು ನಿಲ್ಲಿಸಿ ಆ ಸಾಲನ್ನು ಮತ್ತೆ ನೋಡಿದೆ. 1912ರಲ್ಲಿ ರಮಾಬಾಯಿ ಗುಲ್ಬರ್ಗದಲ್ಲಿ ಹೆಣ್ಣುಮಕ್ಕಳಿಗೆ ಕ್ರೈಸ್ತ ಶಾಲೆ ತೆರೆದರು, ಮಗಳು ಮನೋರಮಾ ಅದರ ಮುಖ್ಯಸ್ಥೆ. ಅಲ್ಲಿಯವರೆಗೆ ಇದು ಪುಣೆಯ ಕಡೆಯ ಯಾರೋ ದೊಡ್ಡವರ ಕಥೆಯಾಗಿತ್ತು. 1896ರ ಬರದಲ್ಲಿ ನೂರಾರು ವಿಧವೆಯರನ್ನು, ಅನಾಥ ಹುಡುಗಿಯರನ್ನು ಕರಕೊಂಡು ಬಂದು ಕೇಡಗಾಂವಿನ ಮುಕ್ತಿ ಮಿಷನ್ನಿನಲ್ಲಿ ಇಟ್ಟುಕೊಂಡ ಮಹಾತಾಯಿ.

"ಗುಲ್ಬರ್ಗಾ ಅಂದ್ರ ನಮ್ದ ಅಲ್ಲೇನು?"

"ಆಗ ನಮ್ದು ಅವರ್ದು ಎಲ್ಲಾ ನಿಜಾಮಂದ ಅತ್ತಿ."

"ನಿಜಾಮಂದು ತಗೊಂಡೇನು ಮಾಡ್ತಿ. ನಮ್ಮವ್ವನ ತವರು ಮನಿ ಆ ಕಡಿದು."

ಅಲ್ಲಿಂದ ಅತ್ತೆಗೆ ಮನೋರಮಾ ಮನೆಯ ಹುಡುಗಿಯಾಗಿಬಿಟ್ಟಳು. ಎಷ್ಟು ಓದಿದ್ದಾಳೆ, ಗುಲ್ಬರ್ಗದ ಬಿಸಿಲು ಹೇಗೆ ತಡೆದಳು, ಮದುವೆ ಯಾಕೆ ಆಗಲಿಲ್ಲ. ಪುಸ್ತಕದಲ್ಲಿ ಇಲ್ಲದ್ದನ್ನೇ ಕೇಳುತ್ತಾರೆ.

ಇವರು ಗುರುತಿಗೆ ಇಟ್ಟ ಬಸ್ ಟಿಕೇಟು ಇದರ ನಾಲ್ಕು ಪುಟ ಮುಂದೆ ಇದೆ. ಅಲ್ಲಿಗೆ ನಿಲ್ಲಿಸಿದೆ. ದಾಟಿ ಹೋಗಲು ಯಾಕೋ ಮನಸ್ಸಾಗಲಿಲ್ಲ. ಬೇರೆ ಪುಸ್ತಕ ತೆಗೆದರಾಯಿತು.

09-03-2024, ಶನಿವಾರ

ತೆಗೆದ ಬೇರೆ ಪುಸ್ತಕ ಮೂರು ದಿನವೂ ನಡೆಯಲಿಲ್ಲ. ಹೆಸರು ಬರೆಯುವುದಿಲ್ಲ. ಅದರಲ್ಲಿನ ಮಹಾತ್ಮ ತೊಟ್ಟಿಲಲ್ಲೇ ಪ್ರಾರ್ಥನೆ ಮಾಡುತ್ತಾನೆ, ಶಾಲೆಯಲ್ಲಿ ಸುಳ್ಳು ಹೇಳುವುದಿಲ್ಲ, ದೊಡ್ಡವನಾಗಿ ದುಡ್ಡು ಬೇಕೆಂದರೆ ಮೊಣಕಾಲೂರಿದ ಗಳಿಗೆಗೇ ಮನಿಯಾರ್ಡರ್ ಬರುತ್ತದೆ. ಎಂಟನೇ ಅಧ್ಯಾಯಕ್ಕೆ ಅತ್ತೆ ಗೊರಕೆ ಹೊಡೆದರು. ನನಗೆ ಸಿಟ್ಟೇ ಬಂತು. ನಾವೇನು ಮೊಣಕಾಲೂರಿರಲಿಲ್ಲವೇ, ಇವರು ಹೋಗುವ ಮುಂಚಿನ ಆ ಹದಿನೇಳು ದಿನ?

ನಮ್ಮ ಶಾಲೆಯ ಮೇಷ್ಟ್ರೊಬ್ಬರ ಹತ್ತಿರ ಇದನ್ನೇ ಹೇಳಿಕೊಂಡೆ. ನಿನ್ನೆ ಶಿವರಾತ್ರಿಯ ಜಾಗರಣೆ ಮಾಡಿ ಕಣ್ಣು ಕೆಂಪಗಿತ್ತು ಅವರಿಗೆ. ಹರಿಹರನನ್ನು ಓದಿಕೊಂಡವರು. "ಟೀಚರ್, ನಮ್ಮ ನಂಬಿಯಣ್ಣನ ರಗಳೆ ನೋಡ್ರಿ" ಅಂದರು. "ಶಿವನ ಗೆಳೆಯ. ಆದ್ರೂ ಎರಡು ಹೆಂಗಸರ ನಡುವೆ ಸಿಕ್ಕೊಂಡು, ಕೊಟ್ಟ ಮಾತು ಮುರಿದು, ಕಣ್ಣು ಕಳಕೊಂಡು, ಶಿವನ ಜತೀನೇ ಜಗಳಕ್ಕೆ ನಿಲ್ತಾನ. ಹರಿಹರ ಒಂದೂ ಮುಚ್ಚಿಡೋದಿಲ್ಲ. ಭಕ್ತ ಅಂದ್ರ ಜಾರದವ ಅಂತ ನಿಮಗ್ಯಾರು ಹೇಳಿದ್ರು?"

ಈ ಸೀಮೆಯಲ್ಲಿ ಶ್ರಾವಣ ಬಂದರೆ ಊರೂರಿಗೆ ಶರಣರ ಪುರಾಣ ಹಚ್ಚುತ್ತಾರೆ. ಕೂತು ಕೇಳುವ ಜನಕ್ಕೆ ಅದೇ ಚರಿತ್ರೆ, ಅದೇ ಪ್ರಾರ್ಥನೆ. ನಮ್ಮ ಚರ್ಚಿನ ಸಂಘದವರ ಅಜ್ಜ ಮುತ್ತಜ್ಜಂದಿರೂ ಆ ಕಟ್ಟೆಯ ಅಂಚಿನಲ್ಲಿ ನಿಂತು ಕೇಳಿದವರೇ. ಕೂರಲು ಬಿಟ್ಟಿದ್ದರೆ ಕೂರುತ್ತಿದ್ದರು.

13-03-2024, ಬುಧವಾರ

ವಿಲಿಯಂ ಕೇರಿ ಮುಗಿಯಿತು. ಇದು ಕನ್ನಡದ ಪುಸ್ತಕ, ಸಲೀಸಾಗಿ ಓಡಿತು.

ಇಂಗ್ಲೆಂಡಿನಲ್ಲಿ ಚಪ್ಪಲಿ ಹೊಲೆಯುತ್ತಿದ್ದವನು. ಅದನ್ನು ಓದಿದಾಗ ಅತ್ತೆ ಏನೂ ಅನ್ನಲಿಲ್ಲ, ತಲೆದಿಂಬು ಸ್ವಲ್ಪ ಎತ್ತರ ಮಾಡಿಸಿಕೊಂಡರು. ಆತನಿಗೂ ಒಂದು ಚರಿತ್ರೆಯೇ ಹುಚ್ಚು ಹಿಡಿಸಿತ್ತಂತೆ. ಅಮೆರಿಕದ ಮೂಲನಿವಾಸಿಗಳ ನಡುವೆ ದುಡಿದು 29ಕ್ಕೇ ಕ್ಷಯದಲ್ಲಿ ಸತ್ತ ಡೇವಿಡ್ ಬ್ರೇನರ್ಡನ ದಿನಚರಿ, 1749ರಲ್ಲಿ ಅಚ್ಚಾದದ್ದು. ಬ್ರೇನರ್ಡ್ ಅದರಲ್ಲಿ ಬರೆದುಕೊಂಡದ್ದು ಹೆಚ್ಚಾಗಿ ತನ್ನ ಮನಸ್ಸಿನ ಕತ್ತಲೆಯನ್ನು. ಒಬ್ಬನ ಕತ್ತಲೆ ಇನ್ನೊಬ್ಬನನ್ನು ಹಡಗು ಹತ್ತಿಸಿತು. ಇದರ ಲೆಕ್ಕ ನನಗೆ ಇನ್ನೂ ಬಗೆಹರಿದಿಲ್ಲ.

1812ರ ಮಾರ್ಚ್ 11ರ ಸಂಜೆ ಶ್ರೀರಾಂಪುರದ ಅಚ್ಚುಕೂಟಕ್ಕೆ ಬೆಂಕಿ ಬಿತ್ತು. ಕೇರಿ ಕಲ್ಕತ್ತೆಯಲ್ಲಿದ್ದರು, ಮರುದಿನ ಬಂದು ನೋಡಿದರೆ ಬೂದಿ. ಸುಟ್ಟದ್ದರ ಪಟ್ಟಿಯಲ್ಲಿ ಕನ್ನಡ ಹೊಸ ಒಡಂಬಡಿಕೆ ಇತ್ತು, ತೆಲುಗು ವ್ಯಾಕರಣ ಪೂರ್ತಿ ಇತ್ತು. ನಮ್ಮ ಮನೆಯ ಎರಡೂ ಭಾಷೆ ಒಂದೇ ರಾತ್ರಿ ಒಂದೇ ಬೆಂಕಿಯಲ್ಲಿ! ನಾನು ಓದುತ್ತಿದ್ದ ದನಿ ಅಲ್ಲಿ ಸಿಕ್ಕಿಕೊಂಡಿತು. ಆತ ಮತ್ತೆ ಮೊದಲ ಅಕ್ಷರದಿಂದ ಕೂತರು. ತೆಲುಗು ವ್ಯಾಕರಣ 1814ರಲ್ಲಿ ಹೊರಬಂತು, ಕನ್ನಡದ್ದು 1817ರಲ್ಲಿ.

ನಾನು ಇನ್ನೂ ಆ ಬೂದಿಯ ಮುಂದೆಯೇ ನಿಂತಿದ್ದೆ. ಅತ್ತೆ ಬೇರೆ ಕಡೆ ಹೋಗಿದ್ದರು.

"ಅವನ ಹೇಣ್ತಿ ಏನಾದ್ಲು?"

ಡೊರೋತಿಗೆ ಬರಲು ಮನಸ್ಸಿರಲಿಲ್ಲ. ಬಂದ ಮರುವರ್ಷವೇ ಐದು ವರ್ಷದ ಮಗ ಪೀಟರ್ ಸತ್ತ. ಆಕೆಯ ಬುದ್ಧಿ ಸ್ಥಿಮಿತ ತಪ್ಪಿತು. ಮನೆಯಲ್ಲೇ ಕೂಡಿಹಾಕಿ ಇಡಬೇಕಾಯಿತು, 1807ರಲ್ಲಿ ಸಾಯುವವರೆಗೂ. ನಮ್ಮ ಪುಸ್ತಕದಲ್ಲಿ ಇದಕ್ಕೆ ಆರು ಸಾಲು.

"ಆ ಹೆಣಮಗಳ ಪುಸ್ತಕ ಯಾರರ ಬರದಾರೇನು?"

ಇಂಗ್ಲಿಷಿನಲ್ಲಿ ಒಂದು ಬಂದಿದೆ, 1992ರಲ್ಲಿ. ಆಕೆ ಸತ್ತು 185 ವರ್ಷದ ಮೇಲೆ. ಹೇಳಿದೆ. ಅತ್ತೆ ಗೋಡೆಯ ಕಡೆ ಹೊರಳಲು ನೋಡಿದರು, ಆಗಲಿಲ್ಲ.

17-03-2024, ಭಾನುವಾರ, ಗದ್ವಾಲ್

ನಾದಿನಿ ಬಂದು ಅತ್ತೆಯ ಹತ್ತಿರ ಕೂತಳು. ನಾನು ತಂಗಿಯ ಮಗಳ ನಿಶ್ಚಿತಾರ್ಥಕ್ಕೆ ಅಮರಚಿಂತದ ಮೇಲೆ ಬಂದೆ. ಜೂರಾಲ ಅಣೆಕಟ್ಟಿನ ಮೇಲೆ ಹಾಯುವಾಗ ನೀರು ಕೆಳಗೆ ಇಳಿದಿತ್ತು. ಮೀನು ಹುರಿಯುವ ಅಂಗಡಿಗಳ ಮುಂದೆ ಮಾತ್ರ ಭಾನುವಾರದ ಜಾತ್ರೆ.

ಸೀರೆ ಆರಿಸಲು ಅರ್ಧ ದಿನ. ಗದ್ವಾಲ್ ಸೀರೆಯ ಮೈ ಹತ್ತಿ, ಅಂಚು ಸೆರಗು ರೇಷ್ಮೆ. ಅಂಗಡಿಯವರು ಹರವಿದ ಸೀರೆಯನ್ನು ತಟ್ಟನೆ ಮಗುಚಿ ಹಿಂಬದಿ ತೋರಿಸಿದರು. ಎರಡು ನೂಲು ಒಂದಕ್ಕೊಂದು ಸಿಕ್ಕಿಕೊಂಡ ಗೆರೆ ಅಲ್ಲಿ ಬೆರಳಿಗೆ ಸಿಗುತ್ತದೆ. ಕೈಮಗ್ಗ ಹೌದೋ ಅಲ್ಲವೋ ಅನ್ನುವುದು ಹಿಂಬದಿಯಲ್ಲೇ ಗೊತ್ತಾಗುವುದು ಅಂದರು. ನನಗೆ ಕೂಡಲೇ ಆ ಗೊರಕೆಯ ಪುಸ್ತಕ ನೆನಪಾಯಿತು. ಅದಕ್ಕೆ ಹಿಂಬದಿಯೇ ಇರಲಿಲ್ಲ.

ಬೀಗರ ಮನೆಯಲ್ಲಿ ಮಿಷನ್ ಚರಿತ್ರೆಯ ತೆಲುಗು ಕಿರುಪುಸ್ತಕ ಸಿಕ್ಕಿತು. ಗದ್ವಾಲಿನಲ್ಲಿ ಮೊದಲು ಅಮೆರಿಕನ್ ಬ್ಯಾಪ್ಟಿಸ್ಟರು ಇದ್ದರು, ಆಮೇಲೆ ನಮ್ಮ ಮೆನೊನೈಟ್ ಬ್ರದರನ್ನರ ಕೈಗೆ ಬಂತು. ಅದರಲ್ಲಿ ಡಾಕ್ಟರ್ ಕ್ಯಾಥರೀನಾ ಶೆಲೆನ್‌ಬರ್ಗರ ಮೇಲೆ ಎರಡು ಪುಟ. 1870ರಲ್ಲಿ ರಷ್ಯದಲ್ಲಿ ಹುಟ್ಟಿ, ಚಿಕ್ಕಂದಿನಲ್ಲೇ ಅಮೆರಿಕಕ್ಕೆ ಹೋಗಿ, ಡಾಕ್ಟರಿಕೆ ಕಲಿತು 1907ರಲ್ಲಿ ನಿಜಾಮನ ಸೀಮೆಗೆ ಬಂದವರು. ಶಂಷಾಬಾದಿನಲ್ಲಿ ದುಡಿದು 1945ರಲ್ಲಿ ಇಲ್ಲೇ ಮಣ್ಣಾದರು. ಈಗ ಶಂಷಾಬಾದು ಅಂದರೆ ನಮ್ಮ ಮಕ್ಕಳಿಗೆ ಏರೋಪ್ಲೇನು.

ಆದರೆ ಈ ಎರಡು ಪುಟದಲ್ಲಿ ದೊರಸಾನಿಯ ಪಕ್ಕ ಯಾರು ನಿಂತಿದ್ದರು? ಹೆರಿಗೆ ಕೋಣೆಯಲ್ಲಿ ದೀಪ ಹಿಡಿದವರು, ಆಕೆಯ ತೆಲುಗನ್ನು ಹಳ್ಳಿಯವರಿಗೆ ತಿಳಿಯುವ ತೆಲುಗು ಮಾಡಿದವರು, ಎತ್ತಿನಗಾಡಿ ಹೊಡೆದವರು? ಒಬ್ಬರ ಹೆಸರೂ ಇಲ್ಲ. ನಮ್ಮ ಮನೆಯವರ ಅಜ್ಜಿ ಬೈಬಲ್ ಉಮನ್ ಆಗಿದ್ದರು, ಕಾಲ್ನಡಿಗೆಯಲ್ಲಿ ಊರೂರು ತಿರುಗಿದವರು. ಅವರದೊಂದು ಫೋಟೋ ಕೂಡ ನಮ್ಮ ಹತ್ತಿರ ಇಲ್ಲ. ಅವರ ಮೇಲೆ ಎರಡು ಪುಟ ಯಾರು ಬರೆಯುತ್ತಾರೆ!

19-03-2024, ಮಂಗಳವಾರ, ನಾರಾಯಣಪೇಟೆ

ಹತ್ತನೆಯ ಪರೀಕ್ಷೆಗೆ ಇನ್ವಿಜಿಲೇಷನ್ ಡ್ಯೂಟಿ. ಮಕ್ಕಳು ತಲೆ ತಗ್ಗಿಸಿ ಬರೆಯುವಾಗ ನಮಗೆ ಪುಸ್ತಕ ಓದುವಂತಿಲ್ಲ, ಮೊಬೈಲ್ ಮುಟ್ಟುವಂತಿಲ್ಲ. ನಡೆಯಬೇಕು, ನಿಲ್ಲಬೇಕು. ಬಹಳ ದಿನಕ್ಕೆ ಯೋಚನೆಗೆ ಹೊತ್ತು ಸಿಕ್ಕಿತು.

ಈ ಒಂದು ತಿಂಗಳಲ್ಲಿ ನನಗೇನಾದರೂ ಆಗಿದೆಯೇ? ಪ್ರಾರ್ಥನೆ ಬಂದಿಲ್ಲ. ಆದರೆ ಮನೆಯಲ್ಲಿ ಸಕ್ಕರೆ ತೀರಿದಾಗ ಪಕ್ಕದ ಮನೆಯಿಂದ ಕೈಗಡ ತಂದು ಚಹಾ ಮಾಡುವುದಿಲ್ಲವೇ, ಹಾಗೆ ನಡೆದಿದೆ ದಿನ. ಇವತ್ತು ರಮಾಬಾಯಿಯವರ ಒಂದು ಬಟ್ಟಲು, ನಿನ್ನೆ ಕೇರಿಯದು. ತಂದದ್ದು ಅವರ ಗೆಲುವನ್ನಲ್ಲ. ಗೆಲುವು ಓದಿದರೆ ನನಗೆ ಸಣ್ಣವಳಾದ ಹಾಗೆ ಆಗುತ್ತದೆ. ನೆರೆಮನೆಯ ಬಾಗಿಲಲ್ಲಿ ಬಾಯಿ ಬಾರದೆ ನಿಂತ ಹುಡುಗಿಯನ್ನು ತಂದೆ. ಬೂದಿ ಕೆದಕುತ್ತ ನಿಂತ ಮನುಷ್ಯನನ್ನು ತಂದೆ. ಇಬ್ರಿಯರ ಪತ್ರಿಕೆಯ ಹನ್ನೊಂದನೆಯ ಅಧ್ಯಾಯದಲ್ಲಿ ಉದ್ದಕ್ಕೂ ಹೆಸರುಗಳೇ. ಭಾನುವಾರದ ಶಾಲೆಯಲ್ಲಿ ಮಕ್ಕಳಿಗೆ ಅದನ್ನು ಕಂಠಪಾಠ ಮಾಡಿಸುತ್ತಿದ್ದಾಗ ಅದು ಯಾಕೆ ಅಷ್ಟುದ್ದ ಎಂದು ಬೇಸರವಾಗುತ್ತಿತ್ತು.

ಮುಗಿಸಿ ಬಸ್ ಸ್ಟ್ಯಾಂಡಿಗೆ ಇಳಿಯುವಾಗ ಮಗ್ಗದ ಓಣಿಯಲ್ಲಿ ಟಕ್ ಟಕ್ ಸದ್ದು. ಅತ್ತೆಗೆ ಚೌಕಳಿಯ ಸೀರೆಯೊಂದನ್ನು ತಂದೆ. ಮಲಗಿದವರಿಗೆ ಸೀರೆ ಯಾಕೆ ಎಂದು ಬೈಸಿಕೊಂಡೆ.

29-03-2024, ಶುಭ ಶುಕ್ರವಾರ

ಮೂರು ತಾಸಿನ ಆರಾಧನೆ. ಹೋದೆ, ನಾದಿನಿ ಇದ್ದಳು. ಏಳು ಮಾತಿಗೆ ಏಳು ಜನ. ನಾಲ್ಕನೆಯ ಮಾತನ್ನು, ತಂದೆ ಕೈಬಿಟ್ಟನೆಂದು ಮಗ ಕೂಗಿದ್ದನ್ನು, ಹೊಸ ಹುಡುಗನೊಬ್ಬ ಅವಸರದಲ್ಲಿ ಮುಗಿಸಿದ. ಅಲ್ಲೇ ಸ್ವಲ್ಪ ನಿಲ್ಲಬಾರದಿತ್ತೇ.

ಸಂಜೆ ಅತ್ತೆ ತಾವಾಗಿ ಕೇಳಿದರು. "ಆ ಗುಲ್ಬರ್ಗಾದ ಹುಡುಗಿ ಪುಸ್ತಕ ಅರ್ಧಕ್ಕ ಬಿಟ್ಟಿ ನೋಡು."

ಬಸ್ ಟಿಕೇಟು ತೆಗೆದು ಮೇಜಿನ ಮೇಲಿಟ್ಟು ಮುಂದೆ ಓದಿದೆ. ಎರಡು ಪುಟ ಓದುವಷ್ಟರಲ್ಲಿ ಗೊತ್ತಾಯಿತು. 1921ರಲ್ಲಿ ಮನೋರಮಾ ಸತ್ತಳು. ತಾಯಿಗೆ 63, ಮಗಳಿಗೆ 40. ಇವರಿಗೆ ಈ ಸಂಗತಿ ಗೊತ್ತಿರಲಿಲ್ಲ. ಇವರು ಓದಿದ ಮಟ್ಟಿಗೆ ಮನೋರಮಾ ಇನ್ನೂ ಶಾಲೆ ನಡೆಸುತ್ತಲೇ ಇದ್ದಾಳೆ.

ಬಹಳ ಹೊತ್ತು ಸುಮ್ಮನಿದ್ದು ಅತ್ತೆ ಕೇಳಿದರು: "ಮಗಳು ಹೋದ ಮ್ಯಾಲ ಆ ತಾಯಿ ಪ್ರಾರ್ಥನಿ ಮಾಡಿದ್ಲಾ?"

ಹಾಳೆ ತಿರುವಿದೆ. ಮಗಳ ಸಾವನ್ನು ಧೈರ್ಯದಿಂದ ಸಹಿಸಿದರು ಎಂಬ ಒಂದು ಸಾಲು. ಆಮೇಲೆ ಕೆಲಸದ ಮಾತು. ಹೀಬ್ರೂ, ಗ್ರೀಕ್ ಕಲಿತು ತಾವೇ ಮರಾಠಿಗೆ ತಂದ ಬೈಬಲ್ಲಿನ ಪ್ರೂಫು ತಿದ್ದಿದ್ದು, ಮುಕ್ತಿಯ ಹುಡುಗಿಯರು ಮೊಳೆ ಜೋಡಿಸಿದ್ದು. ತಿದ್ದುವುದು ಮುಗಿಯುವವರೆಗೆ ಉಳಿಸು ಎಂದು ದೇವರನ್ನು ಕೇಳಿದರು, ಮುಗಿಸಿ ಮಲಗಿದವರು ಏಳಲಿಲ್ಲ, 1922ರ ಏಪ್ರಿಲ್ 5. ಹಾಗಂತ ಪುಸ್ತಕ ಹೇಳುತ್ತದೆ. ನನಗೆ ಈ ಕೊನೆ ತೀರ ಅಂದವಾಗಿ ಕೂತಿದೆ ಅನಿಸುತ್ತದೆ, ಇಸ್ತ್ರಿ ಮಾಡಿದ ಹಾಗೆ.

"ಕೆಲಸ ಮಾಡಿದ್ಲು ಅಂತ ಐತಿ. ಪ್ರಾರ್ಥನಿ ಮಾಡಿದ್ಲು ಅಂತ ಬರದಿಲ್ಲ" ಅಂದೆ.

"ನನಗೂ ಆಗಿಲ್ಲ" ಅಂದರು ಅತ್ತೆ. "ಜುಲೈಯಿಂದ. ಅಯ್ಯಗಾರು ಮಾಡಿದಾಗ ತುಟಿ ಆಡಸ್ತೀನಿ."

ನಾನು ಅವರ ಮುಖ ನೋಡಲಿಲ್ಲ. ಎಂಟು ತಿಂಗಳು ಒಂದೇ ಮನೆಯಲ್ಲಿ, ಒಂದೇ ಒಲೆಯ ಮುಂದೆ, ನಾನು ಅವರಿಂದ ಮುಚ್ಚಿಟ್ಟದ್ದನ್ನೇ ಅವರು ನನ್ನಿಂದ ಮುಚ್ಚಿಟ್ಟಿದ್ದರು. ನನಗೂ ಇಲ್ಲತ್ತೀ ಅಂದೆ. ಮಂದಗಿವಿ, ಕೇಳಿಸಿತೋ ಇಲ್ಲವೋ. ಇನ್ನೊಮ್ಮೆ ಕೂಗಿ ಹೇಳುವ ಮಾತೇ ಅದು? ಆದರೂ ಕೂಗಿ ಹೇಳಿದೆ. ಒಳಗಿದ್ದ ನಾದಿನಿ ಹೆದರಿ ಹೊರಗೆ ಬಂದಳು.

06-04-2024, ಶನಿವಾರ

ಫಿಸಿಯೋಥೆರಪಿ ಹುಡುಗ ಇವತ್ತು ಅತ್ತೆಯನ್ನು ಎತ್ತಿ ಮಂಚದ ಅಂಚಿಗೆ ಕೂರಿಸಿದ. ನೆಲಕ್ಕೆ ಕಾಲು ತಾಗಿದಾಗ "ತಣ್ಣಗದ" ಅಂದರು. ಚೌಕಳಿ ಸೀರೆ ಉಡಿಸು ಅಂದರು.

ರಾತ್ರಿ ಊಟವಾದ ಮೇಲೆ ಹಾಡಿದರು, ಹಳೆಯದೊಂದನ್ನು. ನಡುವೆ ಒಂದು ಚರಣ ಮರೆತು ಮುಂದಕ್ಕೆ ಹೋದರು. ನಾನು ಮರೆತ ಚರಣ ಎತ್ತಿಕೊಟ್ಟೆ. ಇದನ್ನು ಪ್ರಾರ್ಥನೆಯ ಲೆಕ್ಕಕ್ಕೆ ಹಿಡಿಯಬಹುದೋ ಏನೋ, ಬರೆದಿಟ್ಟಿರುತ್ತೇನೆ.

ಮತ್ತೆ ಟ್ರಂಕು ತೆಗೆದೆ. ಸಾಧು ಸುಂದರ ಸಿಂಗ್, ಅಜರಯ್ಯ ಬಿಷಪ್ಪರು, ವೆಲ್ಲೂರಿನ ಐಡಾ ಸ್ಕಡ್ಡರ್. ಮೂರನ್ನೂ ಮಂಚದ ಮೇಲೆ ಹರವಿದೆ. ಅತ್ತೆ ಒಂದೊಂದರ ರಟ್ಟನ್ನೂ ಸವರಿ ನೋಡಿ ಅಜರಯ್ಯನವರನ್ನು ಮುಂದೆ ತಳ್ಳಿದರು, ದೋರ್ನಕಲ್ಲು ನಮ್ಮ ಕಡೆಯದೇ ಎಂದು ನಾನು ಹೇಳಿದ್ದಕ್ಕೆ.

"ಆದ್ರ ಕಡೀ ಪುಟ ಮೊದಲ ನೀ ಓದಿಕೊಂಡು ಬಾ" ಅಂದರು. "ಇವರ ಮಕ್ಕಳು ಯಾರರ ಸಾಯೋದಿದ್ರ ಮೊದಲ ಹೇಳು. ಮಲಗಿ ಕೇಳಾಕ ಆಗಂಗಿಲ್ಲ, ಎದ್ದು ಕುಂದ್ರತೀನಿ."